ಮೊಟ್ಟೆ ತಿಂದ ದಿನ ಬಾಳೆಹಣ್ಣು ತಿನ್ನಬಾರದಂತೆ

ಭೇರ್ಯದ ಹತ್ತಿರದ ಒಂದು ಊರಿನಲ್ಲಿ ಮರಮ್ಮ ಅಂತ ಇದ್ದಾರೆ. ಬಾಯಿ ಸ್ವಲ್ಪ ಜೋರು, ಕರುಳು ಬಹಳ ಮೆತ್ತಗೆ. ಅವರ ಸೊಸೆ ಪ್ರಿಯಾಗೆ ಈಗ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಪ್ರಿಯಾಗೆ ತಾಯಿ ಇಲ್ಲ. ಹಾಗಾಗಿ ಬಾಣಂತನವೆಲ್ಲ ತನ್ನದೇ ಎಂದು ಮರಮ್ಮ ಮೊದಲೇ ಹೇಳಿಬಿಟ್ಟಿದ್ದರು.

ಅಷ್ಟು ಅಕ್ಕರೆಯ ಅತ್ತೆ ಒಂದು ದಿನ ಸೊಸೆಗೆ ಮೊಟ್ಟೆ ನಿಲ್ಲಿಸಿದರು. ಹಿತ್ತಲಲ್ಲಿ ಬಾಳೆಗೊನೆ ಹಣ್ಣಾಗುತ್ತಿತ್ತು, ಅದನ್ನೂ ಮುಟ್ಟಗೊಡಲಿಲ್ಲ. ಮೊಟ್ಟೆ ತಿಂದು ಬಾಳೆಹಣ್ಣು ತಿಂದರೆ ಹೊಟ್ಟೆಯಲ್ಲಿ ವಿಷವಾಗುತ್ತದಂತೆ. ಮೊದಲು ಯಾವುದು, ಆಮೇಲೆ ಯಾವುದು ಎಂದು ಕಾಯುತ್ತಾ ಕೂರುವವರು ಯಾರು, ಎರಡೂ ಬೇಡ ಅಂದರು. ಮಗ ಚೇತನ್‌ಕುಮಾರ್ ಯಾಕವ್ವ ಅಂತ ಕೇಳಲು ಹೋಗಿ ಬೈಸಿಕೊಂಡ. ಪ್ರಿಯಾ ಅಂಗನವಾಡಿಯಲ್ಲಿ ಕೊಟ್ಟ ಮೊಟ್ಟೆಯನ್ನು ಪಕ್ಕದವರ ತಟ್ಟೆಗೆ ಹಾಕಿ ಬರತೊಡಗಿದಳು. ಹಸಿವಾಗುತ್ತಿತ್ತು ಪಾಪ, ಅತ್ತೆಯ ಮಾತು ಮೀರಲು ಮನಸ್ಸು ಬರಲಿಲ್ಲ.

ಮುಂದಿನ ತಿಂಗಳು ಆಶಾ ಕಾರ್ಯಕರ್ತೆ ಉಷಾರಾಣಿ ತೂಕ ನೋಡಿದರು. ಏರಬೇಕಾದ ತೂಕ ಅರ್ಧ ಕೇಜಿ ಇಳಿದಿತ್ತು. ತಾಯಿ ಕಾರ್ಡ್ ಹಿಡಿದುಕೊಂಡು ನೇರ ಮನೆಗೇ ಬಂದರು. ಹೀಗೇ ಆದರೆ ಮಗು ಕಡಿಮೆ ತೂಕದ್ದಾಗಿ ಹುಟ್ಟಬಹುದು, ತಾಯಿಗೂ ಹೆರಿಗೆಯಲ್ಲಿ ಶಕ್ತಿ ಸಾಲದು ಎಂದು ಬಿಡಿಸಿ ಹೇಳಿದರು. ಮರಮ್ಮನ ಮುಖ ಸಣ್ಣದಾಯಿತು. ಆದರೂ ಹಟ ಬಿಡಲಿಲ್ಲ.

"ಒಬ್ಳು ಬಸ್ರಿ ಸತ್ತೇ ಓದ್ಳಂತೆ ಕಣ್ರವ್ವ. ಡೈರೀಲಿ ಕಾಂತರಾಜು ಏಳಿದ್ರು."

"ಯಾವೂರವಳು? ಹೆಸರೇನು? ಯಾವ ಆಸ್ಪತ್ರೆಲಿ?"

ಮರಮ್ಮನಿಗೆ ಒಂದೂ ಗೊತ್ತಿರಲಿಲ್ಲ. ಉಷಾರಾಣಿ ನಗಲಿಲ್ಲ, ಬೈಯಲೂ ಇಲ್ಲ. ಕಾಂತರಾಜುಗೆ ಫೋನ್ ಮಾಡಿದರು. ಆತ ಹಾಲಿನ ಡೈರಿಗೆ ಹೊಸದಾಗಿ ಬಂದವನು, ಊರಿನವರ ಪರಿಚಯ ಇನ್ನೂ ಅಷ್ಟಿಲ್ಲ. ಸತ್ತವಳು ಯಾರೆಂದು ಅವನಿಗೂ ಗೊತ್ತಿಲ್ಲ. ಹೊಸ ಅಗ್ರಹಾರದ ನೆಂಟರು ಹೇಳಿದರು, ಜೊತೆಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು ಎಂದು ಅದನ್ನೇ ಇವರಿಗೂ ಕಳಿಸಿದ. ಉಷಾರಾಣಿ ಎಲ್ಲರಿಗೂ ಕೇಳುವ ಹಾಗೆ ಹಾಕಿದರು.

"ಮೊಟ್ಟೆ ತಿಂದು ಬಾಳೆಅಣ್ಣು ತಿನ್ಬೇಡಿ ಕಣ್ರಪ್ಪ. ಬಸ್ರೀರು ತಿಂದ್ರೆ ಜೀವಕ್ಕೇ ಬತ್ತದೆ. ಎಲ್ರಿಗೂ ಏಳ್ರಿ."

"ಕೇಳುದ್ರಾ? ಯಾರೋ ಎಷ್ಟು ತಿಳ್ದು ಏಳವ್ರೆ," ಅಂದರು ಮರಮ್ಮ.

ಪ್ರಿಯಾ ಮೆಲ್ಲಗೆ ಅತ್ತೆಯ ಕೈ ಹಿಡಿದಳು. "ಅತ್ತೆ, ಇದು ನೀವೇ."

ಇನ್ನೊಂದು ಸಲ ಹಾಕಿದರು. ಮರಮ್ಮ ಗೋಡೆಗೆ ಒರಗಿ ಕೂತುಬಿಟ್ಟರು. ಆಗ ಎಲ್ಲ ಹೊರಬಂತು. ಕೋಟೆ ಊರಿನಲ್ಲಿರುವ ಮರಮ್ಮನ ತಮ್ಮ ಸಣ್ಣಯ್ಯ ಬಸ್ ಸ್ಟ್ಯಾಂಡಿನಲ್ಲಿ ಎರಡು ಮೊಟ್ಟೆ, ನಾಲ್ಕು ಬಾಳೆಹಣ್ಣು ಗಬಗಬ ತಿಂದು, ಬಸ್ಸಿನಲ್ಲಿ ಕುಲುಕಾಡಿ ವಾಂತಿ ಮಾಡಿಕೊಂಡಿದ್ದ. ಫೋನಿನಲ್ಲಿ ಅದನ್ನು ಹೇಳಿದ. ಮರಮ್ಮನಿಗೆ ತಟ್ಟನೆ ಸೊಸೆಯ ನೆನಪಾಗಿ ಹೆದರಿಕೆಯಾಯಿತು. ಯಾರಿಗೂ ಕೆಡುಕಾಗದಿರಲಿ ಎಂದು ತವರಿನವರ ವಾಟ್ಸಾಪ್ ಗ್ರೂಪಿಗೆ ಆ ಮಾತನ್ನು ವಾಯ್ಸ್ ಮೆಸೇಜ್ ಮಾಡಿ ಹಾಕಿದರು. ಅದು ಊರೂರು ಸುತ್ತಿ ಬೆಳೆದು, ಒಂದು ಹೆಣವನ್ನೂ ಹೊತ್ತು ಡೈರಿಗೆ ಬಂತು. ಬೇರೆಯವರೂ ಹೇಳುತ್ತಿದ್ದಾರೆ, ನಿಜವೇ ಇರಬೇಕು ಎಂದು ಮರಮ್ಮ ಇನ್ನೂ ಬಲವಾಗಿ ನಂಬಿದರು.

"ನನ್ ಮಾತ್ಗೆ ನಾನೇ ಎದ್ರಿ ಮಗೀನ ಉಪಾಸ ಕೆಡವ್ದೆನಲ್ಲವ್ವ," ಎಂದು ಕಣ್ಣೊರೆಸಿಕೊಂಡರು.

ಉಷಾರಾಣಿ ಪಕ್ಕದಲ್ಲಿ ಕೂತು ಸಮಾಧಾನ ಹೇಳಿದರು. ಚೆನ್ನಾಗಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಎರಡೂ ಬಸುರಿಗೆ ಒಳ್ಳೆಯದೇ, ಒಂದೇ ದಿನ ತಿಂದರೂ ವಿಷವಾಗುವುದಿಲ್ಲ. ಯಾರಿಗಾದರೂ ಯಾವುದಾದರೂ ಒಗ್ಗದೆ ಹೋದರೆ ಡಾಕ್ಟರನ್ನು ಕೇಳಬೇಕು, ಫೋನನ್ನಲ್ಲ.

ಆವತ್ತೇ ಮರಮ್ಮ ಮೊಟ್ಟೆ ಬೇಯಿಸಿದರು. ಸಿಪ್ಪೆ ಸುಲಿದು, ಬಾಳೆಹಣ್ಣಿನ ಜೊತೆ ಸೊಸೆಯ ತಟ್ಟೆಗಿಟ್ಟರು. ಪ್ರಿಯಾ ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದರು. ಆಮೇಲೆ ಫೋನ್ ಎತ್ತಿಕೊಂಡು ತವರಿನ ಗ್ರೂಪಿಗೆ ಹೇಳಿದರು: "ನಾನು ಮರಮ್ಮ. ಅವತ್ತು ಏಳಿದ್ದು ಸುಳ್ಳು. ಯಾರೂ ಸತ್ತಿಲ್ಲ. ಬಸ್ರೀರು ಒಟ್ಟೆ ತುಂಬ ಉಣ್ಲಿ. ಇದ್ನೂ ಎಲ್ರಿಗೂ ಏಳ್ರಿ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ತಿಂದರೆ ಸಾವು, ಅದನ್ನು ತಿಂದರೆ ರೋಗ ಮಾಯ ಎಂಬ ಮಾತು ನಿಮ್ಮ ಫೋನಿಗೂ ಬರುತ್ತದೆ. ಯಾರಿಗೆ ಆಯಿತು, ಎಲ್ಲಿ, ಯಾವಾಗ, ಕಣ್ಣಾರೆ ಕಂಡವರು ಯಾರು ಎಂದು ಕೇಳಿ. ಹತ್ತು ಜನ ಕಳಿಸಿದರು ಎಂದು ಅದು ನಿಜವಾಗುವುದಿಲ್ಲ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ, ಆಸ್ಪತ್ರೆಯ ಡಾಕ್ಟರನ್ನೋ ವಿಚಾರಿಸಿ. ತಪ್ಪು ಕಳಿಸಿದ್ದರೆ ನಾಚದೆ ತಿದ್ದಿ ಕಳಿಸಿ. ವಿಚಾರಿಸುವ ಮೊದಲೇ ನಮ್ಮವರ ತಟ್ಟೆಯಿಂದ ತುತ್ತು ಕಿತ್ತುಕೊಳ್ಳುವುದು ಬೇಡ.