ಹತ್ತುಪಟ್ಟು ಹೇಳುವ ದಿಲಶಾದಬಿ

ಕೊರ್ಲಹಳ್ಳಿಯ ಸೂಲಗಿತ್ತಿ ದಿಲಶಾದಬಿಯ ಬಾಯಲ್ಲಿ ಯಾವ ಸಂಗತಿಯೂ ಹುಟ್ಟಿದ ತೂಕದಲ್ಲಿ ಉಳಿಯುತ್ತಿರಲಿಲ್ಲ. ಅವಳು ಹಡೆಸಿದ ಮೂರು ಸೇರಿನ ಕೂಸು ಓಣಿ ದಾಟುವುದರೊಳಗೆ ಎಂಟು ಸೇರಾಗಿ, ಊರ ಅಗಸಿಬಾಗಿಲು ಮುಟ್ಟುವುದರೊಳಗೆ ಹಲ್ಲು ಮೂಡಿಸಿಕೊಂಡು ಅವಳಿಗೇ ಸಲಾಮು ಹೊಡೆದಿರುತ್ತಿತ್ತು. ತೀರಿಕೊಂಡ ಗಂಡನ ಖಾಕಿ ಕೋಟನ್ನು ಸೀರೆಯ ಮೇಲೇರಿಸಿ, ಜೇಬುಗಳಲ್ಲಿ ದಾರ, ಬ್ಲೇಡು, ಎಲೆ-ಅಡಿಕೆ ತುಂಬಿ, ತೋಳು ಬೀಸುತ್ತ ತಾನು ಹೊರಟರೆ ಆ ಗಾಳಿಗೆ ತುಂಗಭದ್ರೆಯ ಆಚೆ ದಂಡೆಯಲ್ಲಿ ಒಣಹಾಕಿದ ನೂರು ಧೋತರಗಳು ಹಾರುತ್ತವೆಂದು ಅವಳೇ ಹೇಳುತ್ತಿದ್ದಳು. ಊರವರು ಎರಡು ಧೋತರದ ಮಟ್ಟಿಗೆ ಒಪ್ಪುತ್ತಿದ್ದರು.

ಎಂಬತ್ತನೆಯ ಇಸವಿಯಲ್ಲಿ, ಹಗಲೇ ಕತ್ತಲೆ ಕವಿದ ಸೂರ್ಯಗ್ರಹಣದ ದಿನ, ಬಸುರಿ ಮಾಳವ್ವ ತಪ್ಪಿಸಿಕೊಂಡ ಆಡನ್ನು ಹಿಡಿಯಲು ಅಂಗಳಕ್ಕಿಳಿದಿದ್ದಳು. ಎರಡು ತಿಂಗಳ ಮೇಲೆ ಅವಳ ಕೂಸು ದಿಲಶಾದಬಿಯ ಕೈಯಲ್ಲಿ ಉಸಿರಿಲ್ಲದೆ ಹುಟ್ಟಿತು. ಸಮಾಧಾನ ಹೇಳಲು ಬಂದ ನೆರೆಮನೆಯ ಸಾವಿತ್ರೆವ್ವ, ಗೋಡೆಗೆ ಮುಖಮಾಡಿ ಮಲಗಿದ್ದವಳ ತಲೆಯ ಬಳಿಯೇ ಕುಳಿತು, “ಗ್ರಹಣದಾಗ ಹೊರಗ ಹೋದ್ರ ಮತ್ತೇನಾಕ್ಕೈತಿ?” ಎಂದಳು.

ಮೂಲೆಯಿಂದ ಖಾಕಿ ಕೋಟು ಎದ್ದಿತು. “ಲೇ ಸಾವಿತ್ರಿ, ಆವತ್ತ ನೀನೂ ಬಸರಿದ್ದಿ. ಅಂಜಿ ಹೊಟ್ಟಿ ಕೆಟ್ಟು ಗ್ರಹಣದಾಗನ ಹಿತ್ತಲಕ ನಲವತ್ತ ಸಲ ಓಡಿದಿ. ತಂಬಿಗಿ ಹಿಡದಾಕಿ ನಾನ! ಈಗ ನಿನ್ನ ಮಗಾ ಅಳಾಕ ಹತ್ತಿದ್ರ ಹಾರ್ನ್ ಅಂತ ತಿಳದು ಮುಂಡರಗಿ ಬಸ್ಸು ಬಾಜೂಕ ಸರೀತೈತಿ.”

“ನಲವತ್ತಲ್ರೀ, ನಾಕ ಸಲ!” ಎಂದ ಸಾವಿತ್ರೆವ್ವ, ತಾನು ಏನನ್ನು ಒಪ್ಪಿಕೊಂಡೆನೆಂದು ಹೊಳೆದೊಡನೆ ಸೆರಗು ಸರಿಪಡಿಸಿಕೊಂಡು ಹೊರಬಿದ್ದಳು.

ಮಾಳವ್ವ ಇತ್ತ ತಿರುಗಿದಳು. “ಖರೆ ಹೇಳ್ರಿ ಅಮ್ಮಾ. ಆಡಿನ ಹಿಂದ ಹೋಗದಿದ್ರ ನನ್ನ ಕೂಸು ಉಳೀತಿತ್ತನ?”

“ಇಲ್ಲವ್ವಾ. ನಿನ್ನಿಂದ ಆಗಿದ್ದಲ್ಲ. ಯಾಕ ಹೋತು, ನನಗೂ ತಿಳೀಲಿಲ್ಲ.” ಸರ್ವಜ್ಞತ್ವವನ್ನೇ ಎಲೆ-ಅಡಿಕೆಯಂತೆ ಜಗಿಯುತ್ತಿದ್ದ ಆ ಬಾಯಿಂದ ಇಂಥ ಮಾತು ಹಿಂದೆಂದೂ ಬಂದಿರಲಿಲ್ಲ. “ನಂದೂ ಒಂದು ಹೋಗೇತಿ. ಆ ವರ್ಷ ಗ್ರಹಣ ಇದ್ದಿದ್ದಿಲ್ಲ. ನಮ್ಮನ್ಯಾಗ ಆಡೂ ಇದ್ದಿದ್ದಿಲ್ಲ.”

ಆ ಒಂದು ಹತ್ತಾಗುವುದನ್ನು ಮಾಳವ್ವ ಕಾದಳು. ಆಗಲಿಲ್ಲ.

“ಏನ್ ಕೂಸ್ರಿ?”

“ಹೆಣ್ಣು. ತಲಿ ತುಂಬ ಕೂದಲ.” ದಿಲಶಾದಬಿ ಕೋಟಿನ ಗುಂಡಿಯನ್ನು ತಿರುವಿದಳು. “ಮೊಣಕಾಲ ತನಕ.”

ಹೆತ್ತ ಮೂರು ದಿನಗಳಲ್ಲಿ ಮೊದಲ ಸಲ ಮಾಳವ್ವನಿಗೆ ನಗು ಬಂತು. ಅವಳ ಕೂಸನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. “ನನ್ನ ಕೂಸಿಗೂ ಕೂದಲಿದ್ವನ್ರಿ?”

“ಇದ್ವು. ಕರ್ರಗ. ಇಷ್ಟ,” ಎಂದು ದಿಲಶಾದಬಿ ಕಿರುಬೆರಳಿನ ಒಂದು ಗೆಣ್ಣನ್ನು ಹಿಡಿದು ತೋರಿಸಿದಳು. ಆಗ ಮಾಳವ್ವ ಅತ್ತಳು.

ಇಂಥ ಬಡಾಯಿಗಾರರನ್ನು ಸುಳ್ಳರೆಂದು ಬಗೆಯುವುದು ಲೋಕದ ರೂಢಿ. ಆದರೆ ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ಒಂದು ಗೆಣ್ಣಿಗಿಂತ ಹೆಚ್ಚಿಸಬಾರದು ಎಂಬ ವಿವೇಕ ಅವರಿಗಿರುವಷ್ಟು ಸತ್ಯಸಂಧರಿಗಿರುವುದಿಲ್ಲ. ಸತ್ಯಸಂಧರು ನಾಲ್ಕನ್ನು ನಾಲ್ಕೆಂದೇ ಹೇಳಿ, ಮನೆಗೆ ಹೋಗಿ ನೆಮ್ಮದಿಯಾಗಿ ಉಣ್ಣುತ್ತಾರೆ.