ಹುಚ್ಚಯ್ಯ ಆರಿಸಿದ ಕೀಬೋರ್ಡ್

ಡಾಕ್ಟರ ಫೀಸು ಮುನ್ನೂರು. ಮಾತ್ರೆ, ಮುಲಾಮು ಇನ್ನೂರ ಎಂಬತ್ತು. ಮೆತ್ತನೆಯ ಹೊಸ ಕೀಬೋರ್ಡ್ ಸಾವಿರದ ಎಂಟುನೂರು. ಮೈಸೂರಿನ ಬಸ್ಸು ಹೆಂಗಸರಿಗೆ ಬಿಟ್ಟಿ, ಅದಕ್ಕೆ ಸೊನ್ನೆ. ಒಂದು ದಿನ ಅಂಗಡಿ ಮುಚ್ಚಿದ್ದಕ್ಕೆ ಆರುನೂರು. ಒಟ್ಟು ಎರಡು ಸಾವಿರದ ಒಂಬೈನೂರ ಎಂಬತ್ತು ರೂಪಾಯಿ ಖರ್ಚು ಮಾಡಿ ನಾನು ನನ್ನ ಗಿರಾಕಿಗಳನ್ನು ಓಡಿಸಿಕೊಂಡೆ.

ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡಿಕೊಡುವುದು ನನ್ನ ಕೆಲಸ. ಹದಿನಾರು ವರ್ಷ ಗಟ್ಟಿ ಕೀಗಳನ್ನು ಕುಟ್ಟಿ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. ಸಂಜೆ ಮುದ್ದೆ ಮುರಿಯುವುದೂ ಕಷ್ಟ. ಹೀಗೇ ಕುಟ್ಟಿದರೆ ಇನ್ನೊಂದು ವರ್ಷಕ್ಕೆ ಬೆರಳು ಮಡಚುವುದೇ ಇಲ್ಲ ಎಂದು ಡಾಕ್ಟರು ಹೆದರಿಸಿದರು. ಹಳೆಯ ಕೀಬೋರ್ಡನ್ನು ಮೈಸೂರಿನ ಅಂಗಡಿಯವನಿಗೇ ಕೊಟ್ಟು ಸದ್ದಿಲ್ಲದ ಹೊಸದನ್ನು ತಂದೆ.

ಮೊದಲು ಬಂದವರು ತಗಡೂರಿನ ಹುಚ್ಚಯ್ಯ. ಪಕ್ಕದ ಹೊಲದ ನಿಂಗರಾಜು ಬದುವನ್ನು ಎರಡಡಿ ಸರಿಸಿದ್ದಾನೆಂದು ದೂರು.

"ಶುರು ಮಾಡವ್ವ, ಒತ್ತಾಯ್ತದೆ," ಎಂದರು.

"ಅರ್ಧ ಮುಗೀತು ಕಣಣ್ಣ."

"ಯಾವಾಗ ಒಡ್ದೆ? ನಂಗೇನೂ ಕೇಳ್ನಿಲ್ವಲ್ಲ."

ಪ್ರಿಂಟು ತೆಗೆದು ಓದಿ ಹೇಳಿದೆ. ಸರ್ವೆ ನಂಬರು, ಬದು, ನಿಂಗರಾಜುವಿನ ಹೆಸರು, ಯಾವುದೂ ಬಿಟ್ಟಿರಲಿಲ್ಲ.

"ಎಲ್ಲಾ ಸರ್ಯಾಗೇ ಅದೆ," ಎಂದರು ಹುಚ್ಚಯ್ಯ. "ಆದ್ರೆ ಅವ್ನು ನನ್ ಬದು ತಿಂದವ್ನೆ. ನೀನು ಕೂಸ ತಟ್ಟಿ ಮನಗುಸ್ದಂಗೆ ಬರ್ದಿದ್ದೀಯ. ಸಾಹೇಬ್ರಿಗೆ ಕ್ವಾಪ ಎಂಗ್ ಬರ್ಬೇಕು?"

ನಲವತ್ತು ರೂಪಾಯಿ ಕೊಟ್ಟು, ರಸ್ತೆ ದಾಟಿ, ಸಿದ್ದಮಲ್ಲಪ್ಪನವರ ಹಳೇ ಟೈಪ್‌ರೈಟರಿನಲ್ಲಿ ಅದೇ ಅರ್ಜಿಯನ್ನು ಅರವತ್ತು ರೂಪಾಯಿಗೆ ಮತ್ತೆ ಹೊಡೆಸಿಕೊಂಡರು. ಆ ಮೆಷಿನ್ನಿನ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತದೆ. ಎರಡು ವಾರದಲ್ಲಿ ನನ್ನ ದಿನದ ಹದಿನೈದು ಪುಟ ಮೂರಕ್ಕೆ ಇಳಿಯಿತು. ಜಾತಿ ಪ್ರಮಾಣಪತ್ರದವರೂ ಅಲ್ಲಿಗೇ ಹೋದರು.

ಮೂರನೇ ವಾರ ಹುಚ್ಚಯ್ಯ ತಿರುಗಿ ಬಂದರು. ಟೈಪ್‌ರೈಟರಿನ ರಿಬ್ಬನ್ ಒಣಗಿದ್ದರಿಂದ ಅಕ್ಷರ ಕಾಣುವುದಿಲ್ಲವೆಂದು ಕಚೇರಿಯವರು ಅರ್ಜಿ ವಾಪಸ್ಸು ಕೊಟ್ಟಿದ್ದರು.

"ಅವ್ನತ್ರ ಸದ್ದದೆ, ಅಕ್ಸರ ಇಲ್ಲ. ನಿನ್ನತ್ರ ಅಕ್ಸರ ಅದೆ, ಸದ್ದಿಲ್ಲ," ಎಂದು ತಲೆಯ ಮೇಲೆ ಕೈ ಹೊತ್ತು ಕೂತರು.

ಸದ್ದು ಜೋರಾಗಿರಬೇಕು, ಬೆರಳಿಗೆ ಹಗುರವಾಗಿರಬೇಕು, ಅಂಥದ್ದು ನನಗೆ ಬೇಕಿತ್ತು. ತಿ. ನರಸೀಪುರದಲ್ಲಿ ರವಿಕುಮಾರ್ ಎಂಬುವರು ತಮ್ಮ ಕಂಪ್ಯೂಟರ್ ತರಗತಿ ಮುಚ್ಚಿ ಸಾಮಾನು ಮಾರುತ್ತಿದ್ದರು. ಸದ್ದು ಸಾಲದೆಂದು ಮೊದಲು ಓಡಿಹೋದದ್ದು ಹುಚ್ಚಯ್ಯನ ಕಿವಿಯಾದ್ದರಿಂದ ಅವರನ್ನೂ ಕರೆದುಕೊಂಡು ಹೋದೆ.

ಬೆಂಚಿನ ಮೇಲೆ ಒಂಬತ್ತು ಕೀಬೋರ್ಡ್ ಸಾಲಾಗಿ ಇಟ್ಟಿದ್ದರು. ನಾನು ಒತ್ತುವುದು, ಹುಚ್ಚಯ್ಯ ಗೋಡೆಗೆ ಮುಖ ಮಾಡಿ ಕೇಳುವುದು.

"ಇದು?"

"ರೇಷನ್ ಕಾರ್ಡಿಗೆ ಸಾಕು."

"ಇದು?"

"ಪಿಂಚಣಿಗೆ. ಬೇಡ್ಕಳೋ ಸದ್ದು ಅದು."

"ಇದು?"

"ಮದ್ವೆ ಪತ್ರ ಬರ್ಯಕೆ ಓಗಿದ್ಯಾ ನೀನು?"

ಒಂಬತ್ತನೆಯದನ್ನು ಒತ್ತಿದಾಗ ನನಗೆ ಮೊಣಕೈವರೆಗೂ ನೋವು ಹತ್ತಿತು. ಹುಚ್ಚಯ್ಯ ಮೆಲ್ಲಗೆ ಈ ಕಡೆ ತಿರುಗಿದರು.

"ಇದು ಬದುಗೆ," ಎಂದರು.

ರವಿಕುಮಾರ್ ನಕ್ಕರು. "ಅಮ್ಮ, ಅದು ಸತ್ತು ಮೂರು ವರ್ಷ ಆಯ್ತು. ವಯರನ್ನ ಇಲಿ ಕಡ್ದದೆ. ಬೇಕಾದ್ರೆ ಐವತ್ತು ರೂಪಾಯಿ ಕೊಟ್ಟು ತಗೊಂಡೋಗಿ."

"ಸತ್ತಿದ್ರೂ ಗಂಟ್ಲು ಚೆಂದಾಗದೆ," ಎಂದರು ಹುಚ್ಚಯ್ಯ.

ಆಗ ನನಗೆ ಹೊಳೆಯಿತು. ಅಕ್ಷರ ಮೂಡಿಸದ ಕೀಬೋರ್ಡನ್ನು ಕುಟ್ಟಲು ನನ್ನ ಬೆರಳೇ ಏಕೆ ಬೇಕು? ಐವತ್ತು ಕೊಟ್ಟು ತಂದೆ.

ಮಾರನೇ ಬೆಳಿಗ್ಗೆ ಅದನ್ನು ಹುಚ್ಚಯ್ಯನ ಮುಂದೆ ಇಟ್ಟೆ. ಮೋಸ ಮಾಡಲು ಮನಸ್ಸು ಬರಲಿಲ್ಲ. "ಇದು ಕಂಪ್ಯೂಟರಿಗೆ ಸೇರಿಲ್ಲ ಕಣಣ್ಣ. ಇಲ್ಲಿ ಹೊಡೆದದ್ದು ಎಲ್ಲೂ ಹೋಗಲ್ಲ," ಎಂದೆ.

"ಓಗ್ದೆ ಏನು? ಸಾಹೇಬ್ರ ಕಿಟ್ಕಿ ಅಲ್ಲೇ ಅದಲ್ಲ."

ಟವೆಲ್ಲನ್ನು ಸೊಂಟಕ್ಕೆ ಬಿಗಿದು ಶುರು ಮಾಡಿದರು. ನಿಂಗರಾಜುವಿನ ಹೆಸರು ಬಂದಾಗ ತಿಳಿಸು ಎಂದಿದ್ದರು; ತಿಳಿಸಿದೆ; ಎರಡು ಮುಷ್ಟಿಯಲ್ಲೂ ಗುದ್ದಿದರು. ನಾನು ಮೊದಲಿನ ಅರ್ಜಿಯನ್ನೇ ತೆರೆದು, ತಾರೀಕು ಮಾತ್ರ ತಿದ್ದಿ ಪ್ರಿಂಟು ಕೊಟ್ಟೆ. ಓದಿಸಿಕೊಂಡು ಬೆವರು ಒರೆಸಿಕೊಂಡರು.

"ಈಗ ಬಂತು ನೋಡು ಕಸುವು."

ವಾರದೊಳಗೆ ಸಾಲು ನಿಂತಿತು. ಖಾತೆಯವರು, ಹೊಲ ಅಳೆಸಿ ಬೇರೆ ಮಾಡಿಸುವ ಪೋಡಿಯವರು, ಅಣ್ಣತಮ್ಮಂದಿರ ಜಗಳದವರು, ಎಲ್ಲರಿಗೂ ಕುಟ್ಟಬೇಕು. ಒಂದು ಮಧ್ಯಾಹ್ನ ಸಿದ್ದಮಲ್ಲಪ್ಪನವರೂ ಬಂದು ಕೂತರು. ನನ್ನ ಅಂಗಡಿಯ ಗದ್ದಲದ ಮೇಲೇ ದೂರು ಬರೆಸಬೇಕಂತೆ.

"ನಿಮ್ಮ ಮೆಷಿನ್ನಲ್ಲೇ ಹೊಡ್ಕಬೋದಿತ್ತಲ್ಲ ಸಾ?"

"ಅದ್ರಲ್ಲಿ ಅಕ್ಸರ ಏಳಲ್ಲ ಕಣಮ್ಮ," ಎಂದು ಎಲ್ಲರಿಗಿಂತ ಹೆಚ್ಚು ಹೊತ್ತು ಅವರೇ ಕುಟ್ಟಿದರು.

ತಕರಾರು ತೆಗೆದವರು ಹುಚ್ಚಯ್ಯನೇ. ಎರಡನೇ ಅರ್ಜಿಗೆ ಬಂದವರು ಮೂವತ್ತು ರೂಪಾಯಿ ಮಾತ್ರ ಇಟ್ಟರು.

"ನಲವತ್ತಲ್ವಾ ಅಣ್ಣ?"

"ಅರ್ಧ ಕೆಲ್ಸ ನಾನೇ ಮಾಡಿವ್ನಿ. ಕೂಲಿ ಮುರ್ಕಂಡಿವ್ನಿ."

ಹಿಂದೆ ನಿಂತಿದ್ದ ಸಾಲು ಹೌದು ಹೌದು ಎಂದಿತು. ಕುಟ್ಟುವುದನ್ನು ನೋಡಿದವಳು ನಾನೇ, ಮೂವತ್ತನ್ನೇ ಎಣಿಸಿ ಇಟ್ಟುಕೊಂಡೆ. ಅಂದಿನಿಂದ ಎಲ್ಲರಿಗೂ ಮೂವತ್ತೇ.

ಈಗ ದಿನಕ್ಕೆ ಇಪ್ಪತ್ತು ಪುಟ, ಪುಟಕ್ಕೆ ಮೂವತ್ತು. ದುಡಿಮೆ ಮೊದಲಿನಷ್ಟೇ ಆರುನೂರು. ಬೆರಳ ಊತ ಇಳಿದಿದೆ. ಗಿರಾಕಿಗಳು ಕೂರುವ ಕಡೆಯ ಎಡಗಿವಿ ಸ್ವಲ್ಪ ಮಂದವಾಗಿದೆ.