ಹನ್ನೆರಡು ಹಾಳೆಯ ಎತ್ತು

ಒಂದು ಕಾಲಕ್ಕೆ ಹಾನಗಲ್ಲಿನಿಂದ ಶಿಗ್ಗಾವಿಯವರೆಗೆ ರಸ್ತೆ ಬದಿಯ ಗೋಡೆಗಳೆಲ್ಲ ಪೇಂಟರ್ ಫಕ್ಕೀರಪ್ಪನವೇ. ಗೊಬ್ಬರದ ಕಂಪನಿಯೊಂದಕ್ಕೆ ಅರವತ್ತು ಗೋಡೆಗಳ ಮೇಲೆ ಗೋವಿನಜೋಳದ ತೆನೆ ಬರೆದಿದ್ದ. ಮೊದಲನೆಯದಕ್ಕೂ ಅರವತ್ತನೆಯದಕ್ಕೂ ಒಂದು ಕಾಳಿನ ಹೆಚ್ಚುಕಡಿಮೆ ಇರಲಿಲ್ಲ. ಆಮೇಲೆ ಫ್ಲೆಕ್ಸ್ ಬಂದು ಅವನ ಹೊಟ್ಟೆಯ ಮೇಲೆ ಹೊಡೆಯಿತು. ಅದನ್ನು ಹೇಗೋ ಅರಗಿಸಿಕೊಂಡ. ಅರವತ್ತೈದು ದಾಟಿದ ಮೇಲೆ ಬಲಗೈ ನಡುಗತೊಡಗಿತಲ್ಲ, ಅದನ್ನು ಮಾತ್ರ ಅರಗಿಸಿಕೊಳ್ಳಲು ಆಗಲಿಲ್ಲ. ಬ್ರಷ್ಷುಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿ ಮೂರು ವರ್ಷ ಸುಮ್ಮನೆ ಕೂತ.

ಅಂಥವನನ್ನು ಎಬ್ಬಿಸಲು ಬಂದವಳು ಮಾಹೀರಾ. ಸವಣೂರಿನ ಹುಡುಗಿ, ಹಾನಗಲ್ಲಿನ ಸೊಸೆ. ಬಸ್‌ಸ್ಟ್ಯಾಂಡಿನ ಹತ್ತಿರ ಪುಟ್ಟ ಅಂಗಡಿಯಿಟ್ಟುಕೊಂಡು ವಾಟ್ಸಾಪಿಗೆ ಕಳಿಸುವ ಲಗ್ನಪತ್ರಿಕೆಯ ವಿಡಿಯೊ ಮಾಡಿಕೊಡುತ್ತಿದ್ದಳು. ಎಲ್ಲರ ಮದುವೆಗೂ ಅದೇ ಹೂವಿನ ಮಾಲೆ, ಅದೇ ಹಾರುವ ಗುಲಾಬಿ ಎಸಳು. ಹಂಸಭಾವಿಯ ಮಂಜವ್ವ ಮಾತ್ರ ಅದ್ಯಾವುದೂ ಬೇಡವೆಂದು ಹಟ ಹಿಡಿದಿದ್ದಳು. ಅವಳ ಮಗಳು ತಮ್ಮದೇ ಗಾಡಿಯಲ್ಲಿ, ತಮ್ಮದೇ ಎತ್ತುಗಳ ಹಿಂದೆ ಕೂತು ಬರುವ ಚಿತ್ರ ಆಗಬೇಕು. ಎತ್ತುಗಳ ಫೋಟೊ ಒಂದೊಂದಾಗಿ ಕಳಿಸಿಯೂ ಇದ್ದಳು. ಅವುಗಳಲ್ಲಿ ಒಂದು, ಒಂದು ಕೋಡು ಮುರಿದ ಕೆಂದ.

"ಕಾಕಾ, ನೀವು ಬರದ ಕೊಡ್ರಿ. ನಾ ನಡಸ್ತೇನಿ," ಎಂದಳು ಮಾಹೀರಾ. ಒಂದೇ ಚಿತ್ರವನ್ನು ಹನ್ನೆರಡು ಹಾಳೆಯ ಮೇಲೆ ಬರೆಯುವುದು, ಅವಳು ಮೊಬೈಲಿನಲ್ಲಿ ಒಂದೊಂದನ್ನೂ ಹಿಡಿದು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಓಡಿಸುವುದು. ಆಗ ಎತ್ತು ನಡೆದಂತೆ ಕಾಣುತ್ತದೆ.

"ನನ್ನ ಕೈ ಕೆಲಸಕ್ಕ ಬಾರದಂಗ ಆಗೇತಿ, ಮಗಳ."

"ಒಮ್ಮಿ ನೋಡೂಣ್ರಿ. ಬರಲಿಲ್ಲಂದ್ರ ಮತ್ತ ಕೇಳಂಗಿಲ್ಲ."

ಫಕ್ಕೀರಪ್ಪ ಒಪ್ಪಿಕೊಂಡ. ಇದೂ ಕೆಟ್ಟರೆ ಇನ್ನು ಜನ್ಮದಲ್ಲಿ ಗೆರೆ ಎಳೆಯುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಗಾಜಿನ ಕೆಳಗೆ ಬಲ್ಬು ಹಚ್ಚಿ, ಹಾಳೆಯ ಮೇಲೆ ಹಾಳೆ ಇಟ್ಟು, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ನಾಲ್ಕು ದಿನ ಗುದ್ದಾಡಿದ. ಮೂವತ್ತು ಹಾಳೆ ಹರಿದ. ಐದನೆಯ ದಿನ ಹನ್ನೆರಡನ್ನು ತಂದು ಅವಳ ಮುಂದಿಟ್ಟ. ಮಾಹೀರಾ ತಿರುವಿ ತಿರುವಿ ನೋಡಿದಳು.

"ಕಾಕಾ, ಎತ್ತು ನಿಂತಲ್ಲೇ ನಿಂತಾವಲ್ರಿ. ಒಂದೂ ಹೆಜ್ಜಿ ಹಾಕವಲ್ವು."

"ಹನ್ನೆರಡೂ ಒಂದ ಅಚ್ಚಿನಂಗ ಇರಬೇಕಲ್ಲವ್ವಾ. ಇಲ್ಲಂದ್ರ ಪೇಂಟರ್ ಅಂತ ಯಾಕ ಅನ್ನಬೇಕು?"

ಅವಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವನಿಗೂ ತಿಳಿಯಿತು. ಅರವತ್ತು ಗೋಡೆಯ ಚಾಳಿ ಹಾಳೆಯ ಮೇಲೂ ಬಿಟ್ಟಿರಲಿಲ್ಲ. ನಡೆಯಬೇಕಾದ ಎತ್ತನ್ನು ಹನ್ನೆರಡು ಸಲ ಗೂಟಕ್ಕೆ ಕಟ್ಟಿಬಿಟ್ಟಿದ್ದ.

ಮತ್ತೆ ಮೂರು ದಿನ ಕೂತ. ಈ ಸಲ ಒಂದೊಂದು ಹಾಳೆಯಲ್ಲಿ ಕಾಲು ಒಂದೊಂದು ಥರ ಬಂದವು. ಆದರೆ ಕೈ ಸೋತಿತ್ತು. ಒಂದು ಹಾಳೆಯಲ್ಲಿ ಹೊಟ್ಟೆ ದಪ್ಪ, ಇನ್ನೊಂದರಲ್ಲಿ ತೆಳ್ಳಗೆ. ಬೆನ್ನಿನ ಗೆರೆ ಎಲ್ಲಿಯೂ ನೆಟ್ಟಗಿಲ್ಲ. ಎಂಟು ದಿನದ ನಾಚಿಕೆಯನ್ನೆಲ್ಲ ಕಂಕುಳಲ್ಲಿ ಹಿಡಿದುಕೊಂಡು ಅಂಗಡಿಗೆ ಬಂದ.

"ಕಾಲು ಬರೊಬ್ಬರಿ ಅದಾವು. ಮೈ ಕೆಟ್ಟೈತಿ. ಒಗದ ಬಿಡವ್ವಾ."

"ತಡೀರಿ, ಗೆರಿ ನೆಟ್ಟಗ ಮಾಡೋದು ಕಂಪ್ಯೂಟರ್‌ನ್ಯಾಗ ಐತಿ," ಎಂದು ಅವಳು ಹಾಳೆಗಳ ಫೋಟೊ ಹಿಡಿದಳು.

ಕಂಪ್ಯೂಟರು ಅವನ ಗೆರೆಗಳನ್ನೆಲ್ಲ ತೀಡಿ ನುಣ್ಣಗೆ ಮಾಡಿತು. ಎತ್ತುಗಳು ನಡೆದವು. ಮೂವತ್ತರ ಹರೆಯದಲ್ಲಿ ಫಕ್ಕೀರಪ್ಪ ಎಳೆಯುತ್ತಿದ್ದಂಥದೇ ಗೆರೆ. ನೋಡಿ ಅವನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

"ತಗಡಿನ ಎತ್ತು ಆದವಲ್ಲ," ಎಂದ.

ಮಾಹೀರಾಳಿಗೂ ಹಾಗೇ ಅನ್ನಿಸಿತ್ತು. ತೀಡಿದ್ದನ್ನೆಲ್ಲ ತೆಗೆದು, ಅವನು ಬರೆದಂತೆಯೇ ಇಟ್ಟು ಮತ್ತೆ ಓಡಿಸಿದಳು.

ಎತ್ತಿನ ಹೊಟ್ಟೆ ಉಬ್ಬಿತು, ಇಳಿಯಿತು. ನೊಣ ಕೂತಾಗ ಚರ್ಮ ಅದುರುವುದಿಲ್ಲವೇ, ಹಾಗೆ ಬೆನ್ನು ಅದುರಿತು. ಹೆಗಲ ಮೇಲಿನ ಹಿಣಿಲು ಹೆಜ್ಜೆ ಹೆಜ್ಜೆಗೂ ಅಲುಗಿತು. ಅವನು ಮುಚ್ಚಿಡಲು ಹೆಣಗಿದ್ದ ನಡುಕವೆಲ್ಲ ಎತ್ತಿನ ಮೈಗೆ ಹೋಗಿ ಉಸಿರಾಗಿತ್ತು. ಫಕ್ಕೀರಪ್ಪನಿಗೆ ಅಳು ಬಂತು, ಅದನ್ನು ಅವನು ತಡೆಯಲೂ ಇಲ್ಲ.

"ಮತ್ತೊಮ್ಮಿ ಹಚ್ಚು," ಎಂದ. ಅವಳು ಹತ್ತು ಸಲ ಹಚ್ಚಿದಳು.

ಮರುದಿನ ಮಂಜವ್ವ ಬಂದಳು. ಫಕ್ಕೀರಪ್ಪ ಬೆಳಗಿನಿಂದಲೇ ಅಂಗಡಿಯಲ್ಲಿ ಕಾಯುತ್ತ ಕೂತಿದ್ದ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಮೂರು ಸಲ ನೋಡಿದಳು.

"ಕೆಂದ ಖರೇನ ಉಸರಾಡಾಕತ್ತೈತಿ," ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಅವಳ ಹುಬ್ಬು ಗಂಟಾಯಿತು. "ಆದ್ರ ಅಣ್ಣಾರ, ಕೆಂದನ್ನ ಬಲಕ್ಕ ಹೂಡೀರಲ್ರಿ. ಅದು ಎಡಗಡೆ ಎತ್ತು. ಬಲಕ್ಕ ಹೂಡಿದ್ರ ಒಂದ ಹೆಜ್ಜಿ ಕಿತ್ತಿಡಂಗಿಲ್ಲ. ಊರ ಮಂದಿ ನೋಡಿ ನಗ್ತಾರ."

ಫೋಟೊಗಳು ಬೇರೆ ಬೇರೆ ಬಂದಿದ್ದವು. ಯಾವ ಎತ್ತು ಯಾವ ಕಡೆಯದೆಂದು ಅವನು ಕೇಳಿರಲೇ ಇಲ್ಲ. ಮಾಹೀರಾ ಹೆದರುತ್ತಲೇ ಅವನ ಮುಖ ನೋಡಿದಳು.

"ಕಾಕಾ, ಕನ್ನಡಿಯೊಳಗ ಕಂಡಂಗ ತಿರುವಿ ಬಿಡ್ತೇನ್ರಿ. ಒಂದ ನಿಮಿಷದ ಕೆಲಸ."

"ತಿರುವಿದ್ರ ಕೆಂದನ ಮುರದ ಕೋಡು ಆ ಕಡಿಗೆ ಹೋಗತೈತಿ. ಆಗ ಅದು ಇವರ ಎತ್ತ ಅಲ್ಲ." ಫಕ್ಕೀರಪ್ಪ ತನ್ನ ಹನ್ನೆರಡು ಹಾಳೆಗಳನ್ನು ಒಟ್ಟು ಮಾಡಿ ಬದಿಗಿಟ್ಟ. ಎಂಟು ದಿನದ ಕೆಲಸ ಮಣ್ಣುಪಾಲಾದವನ ಮುಖವಾಗಿರಲಿಲ್ಲ ಅದು. "ಖಾಲಿ ಹಾಳಿ ತಾ ಮಗಳ. ಈ ಸಲ ಇಪ್ಪತ್ನಾಕು ಬರಿತೇನಿ."

"ಇಪ್ಪತ್ನಾಕು ಯಾಕ್ರಿ?"

"ಹನ್ನೆರಡರಾಗ ಅವಸರ ಮಾಡ್ತಾವು. ಲಗ್ನದ ಗಾಡಿ, ನಿಧಾನಕ ಬರಲಿ."

ಕುರ್ಚಿಯೊಂದನ್ನು ಎಳೆದು ಮಂಜವ್ವನ ಕಡೆ ಸರಿಸಿದ. ಪೆನ್ನಿನ ಟೋಪಿ ತೆಗೆದ.

"ಇಲ್ಲೇ ಕುಂದರ ತಂಗಿ. ಇನ್ನ ಎಲ್ಲಾ ಕೇಳೇ ಬರಿತೇನಿ. ಕೆಂದ ನಡಿಯುವಾಗ ಬಾಲಾ ಮೊದಲ ಯಾವ ಕಡಿ ಬೀಸತೈತಿ?"